ಸೈನ್, ಕೊಸೈನ್ ಗ್ರಾಫ್ ಓದುವುದು ಹೇಗೆ? ಸೂತ್ರವನ್ನು ಹಿಂದಿನಿಂದ ಹಿಡಿಯಿರಿ

ಮಂಗಳೂರು, ಉಡುಪಿ ಕಡೆಯ ಪಿಯು ಮಕ್ಕಳಿಗೆ ತ್ರಿಕೋನಮಿತಿಯ ಸೂತ್ರಗಳು ಬಾಯಿಪಾಠ ಇರುತ್ತವೆ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಆದರೆ ಅಲೆಯ ಹಾಗಿರುವ ಒಂದು ಗ್ರಾಫ್ ಮುಂದಿಟ್ಟು ‘ಇದರ ಸಮೀಕರಣ ಬರೆಯಿರಿ’ ಅಂದರೆ ಪೆನ್ನು ನಿಂತುಬಿಡುತ್ತದೆ. ಎಲ್ಲಿಂದ ಶುರು ಮಾಡುವುದು ಅಂತಲೇ ತೋಚುವುದಿಲ್ಲ. ಇದಕ್ಕೆ ಬುದ್ಧಿ ಕಡಿಮೆ ಇರುವುದು ಕಾರಣ ಅಲ್ಲ. ಹುಡುಕುವ ಕ್ರಮ ತಪ್ಪಿರುವುದು ಕಾರಣ.

ಹೆಚ್ಚಿನವರು ಈ ಸಮೀಕರಣವನ್ನು ಎಡದಿಂದ ಬಲಕ್ಕೆ ಓದುತ್ತಾರೆ:

ವೈ = ಎ ಸೈನ್[ಬಿ(ಎಕ್ಸ್ − ಸಿ)] + ಡಿ

ಮೊದಲು ‘ಎ’ ನೋಡಿ ಆಂಪ್ಲಿಟ್ಯೂಡ್ (ಅಲೆ ತನ್ನ ನಡುವಿನಿಂದ ಎಷ್ಟು ಏರುತ್ತದೆ ಅನ್ನುವುದು) ಬರೆಯುತ್ತಾರೆ, ಆಮೇಲೆ ‘ಬಿ’, ಆಮೇಲೆ ‘ಸಿ’. ಕೊನೆಗೆ ಮೂಲೆಯಲ್ಲಿ ಕೂತಿರುವ ‘ಡಿ’ ಕಡೆ ಒಂದು ಕಣ್ಣು ಹಾಯಿಸುತ್ತಾರೆ. ನಾನು ಹೇಳುವ ಕ್ರಮ ಬೇರೆ. ಮೊದಲು ಡಿ (ಅಲೆಯ ನಡುಗೆರೆ, ಅಂದರೆ ಮಧ್ಯರೇಖೆ), ಆಮೇಲೆ ಎ, ಆಮೇಲೆ ಬಿ (ಅವಧಿ, ಅಂದರೆ ಒಂದು ಸುತ್ತಿನ ಉದ್ದ, ಇದರಿಂದ ಸಿಗುತ್ತದೆ), ಎಲ್ಲಕ್ಕಿಂತ ಕೊನೆಗೆ ಸಿ (ಪಕ್ಕಕ್ಕೆ ಜರುಗಿದ್ದು). ಆಂಪ್ಲಿಟ್ಯೂಡ್ ಅಳೆಯುವುದೇ ಮಧ್ಯರೇಖೆಯಿಂದ. ಮಧ್ಯರೇಖೆ ಎಲ್ಲಿದೆ ಅಂತ ಗೊತ್ತಿಲ್ಲದೆ ಆಂಪ್ಲಿಟ್ಯೂಡ್ ಅಳೆಯುವುದು ಹೇಗೆ? ಹಾಗೆಯೇ ಗ್ರಾಫ್ ಎಷ್ಟು ಪಕ್ಕಕ್ಕೆ ಜರುಗಿದೆ ಅನ್ನುವುದು ಅವಧಿ ಗೊತ್ತಾದ ಮೇಲೆಯೇ ಸರಿಯಾಗಿ ಕಾಣುವುದು. ಈ ಕ್ರಮ ಒಮ್ಮೆ ಕೈಗೆ ಹತ್ತಿದರೆ ಬೇರೆ ಯಾವ ಉಪಾಯವೂ ಬೇಕಾಗುವುದಿಲ್ಲ.

ಶುರು ಮಾಡುವ ಮೊದಲು: ಐದು ಬಿಂದುಗಳು

ಸಾದಾ ಸೈನ್ ಗ್ರಾಫಿನ ಒಂದು ಸುತ್ತಿಗೆ ಐದು ಬಿಂದು ಗೊತ್ತಿದ್ದರೆ ಸಾಕು. ಎಕ್ಸ್ ಬೆಲೆ 0, ಪೈ/2, ಪೈ, 3ಪೈ/2, 2ಪೈ ಆದಾಗ ವೈ ಬೆಲೆ ಕ್ರಮವಾಗಿ 0, 1, 0, −1, 0. ಅಂದರೆ ನಡು, ಮೇಲೆ, ನಡು, ಕೆಳಗೆ, ನಡು.

ಕೊಸೈನ್‌ಗೂ ಅದೇ ಐದು ಎಕ್ಸ್ ಬೆಲೆಗಳು. ವೈ ಮಾತ್ರ 1, 0, −1, 0, 1. ಮೇಲೆ, ನಡು, ಕೆಳಗೆ, ನಡು, ಮೇಲೆ.

ಎರಡರ ಆಕಾರ ಒಂದೇ, ಹೊರಡುವ ಜಾಗ ಬೇರೆ. ಸೈನ್ ನಡುವಿನಿಂದ ಹೊರಟು ಮೇಲಕ್ಕೆ ಏರುತ್ತದೆ. ಕೊಸೈನ್ ತುದಿಯಿಂದ ಹೊರಟು ಕೆಳಗೆ ಇಳಿಯುತ್ತದೆ. ಕೊಸೈನ್ ಗ್ರಾಫನ್ನು ಪೈ/2 ಬಲಕ್ಕೆ ಎಳೆದರೆ ಸೈನ್ ಗ್ರಾಫಿನ ಮೇಲೆ ಸರಿಯಾಗಿ ಕೂರುತ್ತದೆ. ಹಾಗಾಗಿ ‘ಇದು ಸೈನೋ ಕೊಸೈನೋ’ ಅಂತ ತಲೆ ಕೆಡಿಸಿಕೊಳ್ಳಬೇಡಿ. ಯಾವ ಅಲೆಯನ್ನಾದರೂ ಎರಡರಲ್ಲೂ ಬರೆಯಬಹುದು. ಪ್ರಶ್ನೆಯಲ್ಲಿ ಇಂಥದ್ದೇ ಬೇಕು ಅಂತ ಕೇಳಿಲ್ಲದಿದ್ದರೆ ಸುಲಭವಾದದ್ದನ್ನು ಆರಿಸಿ. ತುದಿ ಸ್ಪಷ್ಟವಾಗಿ ಕಂಡರೆ ಕೊಸೈನ್. ನಡುರೇಖೆ ದಾಟುವ ಜಾಗ ಸ್ಪಷ್ಟವಾಗಿ ಕಂಡರೆ ಸೈನ್.

ಮಧ್ಯರೇಖೆ ಮತ್ತು ಆಂಪ್ಲಿಟ್ಯೂಡ್

ಗ್ರಾಫ್ ಕೈಗೆ ಬಂದ ಕೂಡಲೇ ಎರಡೇ ಸಂಖ್ಯೆ ಬರೆದುಕೊಳ್ಳಿ. ಅತಿ ಮೇಲಿನ ಬೆಲೆ, ಅತಿ ಕೆಳಗಿನ ಬೆಲೆ. ಎರಡನ್ನೂ ಕೂಡಿಸಿ 2ರಿಂದ ಭಾಗಿಸಿದರೆ ಮಧ್ಯರೇಖೆ, ಅಂದರೆ ಡಿ. ಮೇಲಿನದರಿಂದ ಕೆಳಗಿನದನ್ನು ಕಳೆದು 2ರಿಂದ ಭಾಗಿಸಿದರೆ ಆಂಪ್ಲಿಟ್ಯೂಡ್. ಕನ್ನಡದ ವಿಜ್ಞಾನ ಪುಸ್ತಕಗಳಲ್ಲಿ ಇದನ್ನು ಪಾರ ಅಂತಲೂ ಬರೆಯುತ್ತಾರೆ.

ಮಧ್ಯರೇಖೆ ಸಿಕ್ಕಿದ ಮೇಲೆ ಅದನ್ನು ಪೆನ್ಸಿಲಿನಲ್ಲಿ ಚುಕ್ಕಿಗೆರೆಯಾಗಿ ಎಳೆದೇ ಬಿಡಿ. ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಲದು. ಮುಂದಿನ ಎಲ್ಲ ಅಳತೆಗೂ ಆ ಗೆರೆ ಬೇಕಾಗುತ್ತದೆ.

ಮಕ್ಕಳು ಇಲ್ಲಿ ಜಾಸ್ತಿ ಎಡವುವುದು ಒಂದೇ ಕಡೆ. ಗ್ರಾಫ್ 8ರವರೆಗೆ ಏರಿ 2ರವರೆಗೆ ಇಳಿದರೆ ಆಂಪ್ಲಿಟ್ಯೂಡ್ 8 ಅಂತ ಬರೆದುಬಿಡುತ್ತಾರೆ. ಎಕ್ಸ್ ಅಕ್ಷದಿಂದ ಅಳೆಯುವ ಅಭ್ಯಾಸ ಅದಕ್ಕೆ ಕಾರಣ. ಇಲ್ಲಿ ಮಧ್ಯರೇಖೆ 5ರಲ್ಲಿದೆ, ಆಂಪ್ಲಿಟ್ಯೂಡ್ ಬರೀ 3. ಇನ್ನು ಕೆಲವರು ಮೇಲಿನಿಂದ ಕೆಳಗಿನವರೆಗಿನ ಇಡೀ ದೂರವನ್ನೇ ತೆಗೆದುಕೊಂಡು 6 ಅನ್ನುತ್ತಾರೆ. ಅದೂ ಅಲ್ಲ, ಅದರ ಅರ್ಧ.

ಸಮೀಕರಣದಿಂದ ಹೊರಟರೆ ಇದೇ ಕೆಲಸ ತಿರುಗುಮುರುಗು. ಅತಿ ಮೇಲಿನ ಬೆಲೆ ಬೇಕಾದರೆ ಡಿಗೆ ಆಂಪ್ಲಿಟ್ಯೂಡ್ ಕೂಡಿಸಿ, ಅತಿ ಕೆಳಗಿನದು ಬೇಕಾದರೆ ಡಿಯಿಂದ ಕಳೆಯಿರಿ. ವ್ಯಾಪ್ತಿ ಕೇಳಿದರೆ ಈ ಎರಡರ ನಡುವಿನದ್ದೇ ಉತ್ತರ.

‘ಎ’ ಋಣವಾಗಿದ್ದರೆ? ಆಂಪ್ಲಿಟ್ಯೂಡ್ ಯಾವಾಗಲೂ ಧನ ಸಂಖ್ಯೆ. ಋಣ ಚಿಹ್ನೆ ಗ್ರಾಫನ್ನು ಮಧ್ಯರೇಖೆಯ ಸುತ್ತ ತಲೆಕೆಳಗು ಮಾಡುತ್ತದೆ, ಅಷ್ಟೇ. ಉದಾಹರಣೆಗೆ ವೈ = −2 ಕೊಸೈನ್(ಎಕ್ಸ್/2). ಆಂಪ್ಲಿಟ್ಯೂಡ್ 2. ಆದರೆ ಮೇಲಿನ ತುದಿಯಿಂದ ಇಳಿಯುವ ಬದಲು ಕೆಳಗಿನ ತುದಿಯಿಂದ ಏರಲು ಶುರು ಮಾಡುತ್ತದೆ. ಕೆಳಗೆ, ನಡು, ಮೇಲೆ, ನಡು, ಕೆಳಗೆ.

ಅವಧಿ

ಒಂದು ಪೂರ್ತಿ ಸುತ್ತು ಮುಗಿದು ಅದೇ ಆಕಾರ ಮತ್ತೆ ಶುರುವಾಗಲು ಎಕ್ಸ್ ಅಕ್ಷದ ಮೇಲೆ ಎಷ್ಟು ದೂರ ಹೋಗಬೇಕೋ ಅದೇ ಅವಧಿ. ತುದಿಯಿಂದ ಮುಂದಿನ ತುದಿಗೆ ಅಳೆಯಿರಿ. ತುದಿಯಿಂದ ತಳಕ್ಕೆ ಅಳೆದರೆ ಸಿಗುವುದು ಅರ್ಧ ಅವಧಿ. ಅದನ್ನು ಎರಡರಿಂದ ಗುಣಿಸಲು ಮರೆಯಬೇಡಿ. ಮಧ್ಯರೇಖೆಯನ್ನು ಒಮ್ಮೆ ದಾಟಿದ ಜಾಗದಿಂದ ಮತ್ತೆ ದಾಟುವ ಜಾಗಕ್ಕೂ ಅರ್ಧ ಅವಧಿಯೇ. ಮೊದಲ ಸಲ ಏರುತ್ತಾ ದಾಟಿದ್ದರೆ ಎರಡನೇ ಸಲ ಇಳಿಯುತ್ತಾ ದಾಟಿರುತ್ತದೆ. ಅದು ಬೇರೆ ಜಾಗ, ಅಲ್ವಾ?

ಅವಧಿ ಗೊತ್ತಾದರೆ ಬಿ = 2ಪೈ ÷ ಅವಧಿ. ಬಿ ಗೊತ್ತಿದ್ದರೆ ಅವಧಿ = 2ಪೈ ÷ ಬಿ. ಬಿ ದೊಡ್ಡದಾದಷ್ಟೂ ಅಲೆಗಳು ಒತ್ತೊತ್ತಾಗಿ ಬರುತ್ತವೆ, ಅವಧಿ ಚಿಕ್ಕದಾಗುತ್ತದೆ. ಬಿ = 1/2 ಆದರೆ ಅವಧಿ 4ಪೈ.

ನಮ್ಮ ಮನೆಗಳಿಗೆ ಮೆಸ್ಕಾಂ ಕೊಡುವ ಕರೆಂಟೇ ಇದಕ್ಕೆ ಒಳ್ಳೆಯ ಉದಾಹರಣೆ. 230 ವೋಲ್ಟ್, 50 ಹರ್ಟ್ಸ್ ಅನ್ನುತ್ತೇವೆ. ಸೆಕೆಂಡಿಗೆ 50 ಸುತ್ತು ಅಂದರೆ ಒಂದು ಸುತ್ತಿಗೆ 1/50 ಸೆಕೆಂಡ್, ಅಂದರೆ 0.02 ಸೆಕೆಂಡ್. ಅದೇ ಅವಧಿ. ಬಿ = 2ಪೈ ÷ 0.02 = 100ಪೈ. 230 ಅನ್ನುವುದು ಆಂಪ್ಲಿಟ್ಯೂಡ್ ಅಲ್ಲ, ಇದನ್ನು ಗಮನಿಸಿ. ಅದು ಒಂದು ಬಗೆಯ ಸರಾಸರಿ ಬೆಲೆ. ಅಲೆಯ ತುದಿ ಬೇಕಾದರೆ 230ನ್ನು 2ರ ವರ್ಗಮೂಲದಿಂದ ಗುಣಿಸಬೇಕು, ಆಗ ಸುಮಾರು 325 ಬರುತ್ತದೆ. ಹಾಗಾಗಿ ವೋಲ್ಟೇಜ್ = 325 ಸೈನ್(100ಪೈ ಟಿ), ಇಲ್ಲಿ ಟಿ ಅಂದರೆ ಸೆಕೆಂಡಿನಲ್ಲಿ ಹೊತ್ತು. ಮಧ್ಯರೇಖೆ 0. ಪ್ಲಗ್ಗಿನಲ್ಲಿ ವೋಲ್ಟೇಜ್ +325ಕ್ಕೂ −325ಕ್ಕೂ ನಡುವೆ ಸೆಕೆಂಡಿಗೆ ಐವತ್ತು ಸಲ ಓಡಾಡುತ್ತಿರುತ್ತದೆ.

ಜರುಗುವಿಕೆ: ಮೊದಲು ಬಿ ಹೊರಗೆ ತೆಗೆಯಿರಿ

ಕ್ಲಾಸಿನಲ್ಲಿ ಫೇಸ್ ಶಿಫ್ಟ್ ಅನ್ನುತ್ತೇವಲ್ಲ, ಅದು ಇದೇ. ಮಾರ್ಕ್ಸ್ ಹೋಗುವುದು ಎಲ್ಲಕ್ಕಿಂತ ಜಾಸ್ತಿ ಇಲ್ಲಿಯೇ. ಒಂದು ಲೆಕ್ಕವನ್ನು ಪೂರ್ತಿ ಬಿಡಿಸೋಣ.

ವೈ = 3 ಸೈನ್(2ಎಕ್ಸ್ − ಪೈ/3) + 1

ಇದನ್ನು ನೋಡಿದ ಕೂಡಲೇ ‘ಪೈ/3 ಬಲಕ್ಕೆ’ ಅಂತ ಬರೆಯಲು ಕೈ ತುರಿಸುತ್ತದೆ. ತಡೆಯಿರಿ. ಆವರಣದೊಳಗೆ ಎಕ್ಸ್ ಒಂಟಿಯಾಗಿಲ್ಲ, ಅದರ ಜೊತೆ 2 ಇದೆ. ಮೊದಲು ಆ 2ನ್ನು ಹೊರಗೆ ತೆಗೆಯಬೇಕು:

ವೈ = 3 ಸೈನ್[2(ಎಕ್ಸ್ − ಪೈ/6)] + 1

ಈಗ ಕಾಣಿಸಿತು. ಗ್ರಾಫ್ ಜರುಗಿದ್ದು ಪೈ/6, ಪೈ/3 ಅಲ್ಲ. ಆವರಣದೊಳಗೆ ಮೈನಸ್ ಇದ್ದರೆ ಬಲಕ್ಕೆ, ಪ್ಲಸ್ ಇದ್ದರೆ ಎಡಕ್ಕೆ. ಇದು ಉಲ್ಟಾ ಅನಿಸುವವರು ಒಂದು ಸಣ್ಣ ಪ್ರಶ್ನೆ ಕೇಳಿಕೊಳ್ಳಿ: ಆವರಣದೊಳಗಿನದ್ದು ಯಾವಾಗ ಸೊನ್ನೆ ಆಗುತ್ತದೆ? 2ಎಕ್ಸ್ − ಪೈ/3 = 0 ಆಗಬೇಕಾದರೆ ಎಕ್ಸ್ = ಪೈ/6. ಅಲ್ಲಿಂದಲೇ ಸೈನ್ ತನ್ನ ಸುತ್ತನ್ನು ಶುರು ಮಾಡುತ್ತದೆ. ಎಡ, ಬಲ ಅಂತ ಬಾಯಿಪಾಠ ಮಾಡುವುದಕ್ಕಿಂತ ಈ ಪ್ರಶ್ನೆ ಗಟ್ಟಿ. ನಿಯಮ ಮರೆತುಹೋಗಬಹುದು, ಸೊನ್ನೆ ಎಲ್ಲಿ ಅಂತ ಹುಡುಕುವುದು ಮರೆಯುವುದಿಲ್ಲ.

ಈಗ ನಮ್ಮ ಕ್ರಮದಲ್ಲಿ ಹೋಗೋಣ. ಮಧ್ಯರೇಖೆ 1. ಆಂಪ್ಲಿಟ್ಯೂಡ್ 3, ಹಾಗಾಗಿ ಅತಿ ಮೇಲೆ 4, ಅತಿ ಕೆಳಗೆ −2. ಅವಧಿ 2ಪೈ ÷ 2 = ಪೈ. ಅದರ ಕಾಲು ಭಾಗ ಪೈ/4. ಶುರು ಪೈ/6ರಲ್ಲಿ. ಶುರುವಿಗೆ ಕಾಲು ಅವಧಿಯನ್ನು ಒಂದೊಂದಾಗಿ ಕೂಡಿಸುತ್ತಾ ಹೋದರೆ ಐದು ಬಿಂದು ಸಿದ್ಧ:

ಎಕ್ಸ್ = ಪೈ/6 ಆದಾಗ ವೈ = 1 (ನಡು)
ಎಕ್ಸ್ = 5ಪೈ/12 ಆದಾಗ ವೈ = 4 (ಮೇಲೆ)
ಎಕ್ಸ್ = 2ಪೈ/3 ಆದಾಗ ವೈ = 1 (ನಡು)
ಎಕ್ಸ್ = 11ಪೈ/12 ಆದಾಗ ವೈ = −2 (ಕೆಳಗೆ)
ಎಕ್ಸ್ = 7ಪೈ/6 ಆದಾಗ ವೈ = 1 (ನಡು)

ಕೊನೆಯ ಬಿಂದುವಿನಿಂದ ಮೊದಲನೆಯದನ್ನು ಕಳೆಯಿರಿ. 7ಪೈ/6 − ಪೈ/6 = ಪೈ. ಅವಧಿಗೆ ಸರಿಹೋಯಿತು. ಈ ತಾಳೆ ನೋಡಲು ಹತ್ತು ಸೆಕೆಂಡ್ ಸಾಕು, ಪರೀಕ್ಷೆಯಲ್ಲೂ ಬಿಡಬೇಡಿ.

ವೈ ಅಕ್ಷವನ್ನು ಎಲ್ಲಿ ಕಡಿಯುತ್ತದೆ ಅಂತ ಕೇಳಿದರೆ ಎಕ್ಸ್ ಜಾಗದಲ್ಲಿ 0 ಹಾಕಿ. 3 ಸೈನ್(−ಪೈ/3) + 1, ಅಂದರೆ ಸುಮಾರು −1.6. ಎಕ್ಸ್ ಅಕ್ಷವನ್ನು ಕಡಿಯುವ ಜಾಗಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಮೇಲಿನ ಪಟ್ಟಿಯ ‘ನಡು’ ಬಿಂದುಗಳು ಎಕ್ಸ್ ಅಕ್ಷದ ಮೇಲಿಲ್ಲ, ವೈ = 1 ಅನ್ನುವ ಮಧ್ಯರೇಖೆಯ ಮೇಲಿವೆ. ಡಿ ಸೊನ್ನೆ ಆಗಿದ್ದರೆ ಮಾತ್ರ ಎರಡೂ ಒಂದೇ. ಇಲ್ಲಿ ಸೊನ್ನೆ ಬೇಕಾದರೆ ಸೈನ್ ಬೆಲೆ −1/3 ಆಗುವ ಜಾಗ ಹುಡುಕಬೇಕು, ಅದು ಬೇರೆಯೇ ಲೆಕ್ಕ.

ಗ್ರಾಫ್ ಶೀಟಿನ ಮೇಲೆ

ಅಳತೆ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ಎಕ್ಸ್ ಅಕ್ಷದ ಮೇಲೆ 1 ಸೆಂಟಿಮೀಟರಿಗೆ ಪೈ/6 ಇಟ್ಟುಕೊಳ್ಳಿ. ಆಗ ಪೈ/3 ಅಂದರೆ 2 ಸೆಂ.ಮೀ., ಪೈ/2 ಅಂದರೆ 3, ಪೈ ಅಂದರೆ 6, ಪೈ/4 ಅಂದರೆ ಒಂದೂವರೆ. ಪಿಯು ಲೆಕ್ಕಗಳಲ್ಲಿ ಬರುವ ಕೋನಗಳೆಲ್ಲ ಹೆಚ್ಚಾಗಿ ಗೆರೆಯ ಮೇಲೇ ಕೂರುತ್ತವೆ. ಮೇಲಿನ ಲೆಕ್ಕದ ಐದು ಬಿಂದುಗಳು 1, 2.5, 4, 5.5, 7 ಸೆಂ.ಮೀ. ಜಾಗದಲ್ಲಿ ಬರುತ್ತವೆ. 3.14, 1.57 ಅಂತ ದಶಮಾಂಶದಲ್ಲಿ ಅಳತೆ ಹಾಕಿಕೊಂಡು ಒದ್ದಾಡುವುದು ಸುಮ್ನೆ ಹೊತ್ತು ಕಳೆಯುವ ಕೆಲಸ.

ಬೋರ್ಡಿನ ಮೇಲೆ ಅಥವಾ ಸಾದಾ ಹಾಳೆಯಲ್ಲಿ ಕಾಲು ಅವಧಿ ಗುರುತು ಹಾಕಬೇಕಾದರೆ ಒಂದು ಕಾಗದದ ಪಟ್ಟಿ ತೆಗೆದುಕೊಳ್ಳಿ. ಒಂದು ಅವಧಿಯ ಉದ್ದಕ್ಕೆ ಕತ್ತರಿಸಿ ಎರಡು ಸಲ ಮಡಚಿ. ಬಿಚ್ಚಿದಾಗ ಮೂರು ಮಡಿಕೆ, ಎರಡು ತುದಿ, ಒಟ್ಟು ಐದು ಗುರುತು. ಐದು ಬಿಂದುಗಳ ಎಕ್ಸ್ ಜಾಗಗಳು ಅವೇ. ಪಟ್ಟಿಯನ್ನು ಹಾಳೆಯ ಮೇಲೆ ಇಟ್ಟು ಪಕ್ಕಕ್ಕೆ ಜರುಗಿಸಿ ನೋಡಿದರೆ ಫೇಸ್ ಶಿಫ್ಟ್ ಅಂದರೆ ಏನು ಅನ್ನುವುದು ಕೈಗೇ ಗೊತ್ತಾಗುತ್ತದೆ.

ಬಿಂದುಗಳನ್ನು ಜೋಡಿಸುವಾಗ ಸ್ಕೇಲು ಇಟ್ಟು ಗೆರೆ ಎಳೆಯಬೇಡಿ. ಸೈನ್ ಗ್ರಾಫ್ ಗರಗಸದ ಹಲ್ಲಿನ ಹಾಗೆ ಚೂಪಾಗಿರುವುದಿಲ್ಲ. ತುದಿಯಲ್ಲಿ ಅದು ನಿಧಾನವಾಗಿ ದುಂಡಗೆ ತಿರುಗುತ್ತದೆ, ಮಧ್ಯರೇಖೆ ದಾಟುವಾಗ ಅತಿ ಕಡಿದಾಗಿ, ಹೆಚ್ಚು ಕಡಿಮೆ ನೇರವಾಗಿ ಹೋಗುತ್ತದೆ. ಆಕಾರ ಸರಿ ಬರಬೇಕು ಅಂದರೆ ಇನ್ನೊಂದು ಬಿಂದು ಸಹಾಯಕ್ಕೆ ಬರುತ್ತದೆ. ಮಧ್ಯರೇಖೆಯಿಂದ ಅವಧಿಯ ಹನ್ನೆರಡನೇ ಒಂದು ಭಾಗ ಮುಂದೆ ಹೋದರೆ ಗ್ರಾಫ್ ಆಗಲೇ ಅರ್ಧ ಆಂಪ್ಲಿಟ್ಯೂಡ್ ಏರಿರುತ್ತದೆ. ಸೈನ್ 30 ಡಿಗ್ರಿ = 1/2 ಅಂತ ಕಲಿತಿದ್ದೇವಲ್ಲ, ಅದೇ ಇದು. ಉಳಿದ ಅರ್ಧ ಏರಲು ಅದರ ಎರಡರಷ್ಟು ದೂರ ಬೇಕು.

ಮಲ್ಪೆಯ ನೀರಿನ ಮಟ್ಟ

ಈ ದುಂಡಗಿನ ತುದಿ, ಕಡಿದಾದ ನಡು ಅನ್ನುವುದು ಬರೀ ಹಾಳೆಯ ಮೇಲಿನ ಮಾತಲ್ಲ. ಮಲ್ಪೆಯಲ್ಲೋ ಮಂಗಳೂರಿನ ಧಕ್ಕೆಯಲ್ಲೋ ದೋಣಿಯವರನ್ನು ಕೇಳಿ. ಭರತ (ಸಮುದ್ರದ ಉಬ್ಬರ) ತುಂಬಿ ಬಂದಾಗ ನೀರು ಸ್ವಲ್ಪ ಹೊತ್ತು ನಿಂತ ಹಾಗೆಯೇ ಇರುತ್ತದೆ. ಆಮೇಲೆ ಇಳಿಯಲು ಶುರುವಾಗಿ, ನಡುವಿನ ಹೊತ್ತಿನಲ್ಲಿ ಬೇಗ ಬೇಗ ಇಳಿದು, ಕೊನೆಗೆ ಮತ್ತೆ ನಿಧಾನ. ಅಳಿವೆಬಾಗಿಲು, ಅಂದರೆ ನದಿ ಸಮುದ್ರ ಸೇರುವ ಬಾಯಿ, ದಾಟುವವರಿಗೆ ಈ ಲೆಕ್ಕ ಬಹಳ ಮುಖ್ಯ. ಅಲ್ಲಿ ಮರಳು ತುಂಬಿ ಆಳ ಕಡಿಮೆ ಇದ್ದರೆ, ಇಳಿತದ ಹೊತ್ತಿನಲ್ಲಿ ದೋಣಿಯ ತಳ ತಾಗುವ ಅಪಾಯ ಇದೆ.

ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ಚಂದ್ರ ಮತ್ತೆ ನಮ್ಮ ನೆತ್ತಿಯ ನೇರಕ್ಕೆ ಬರಲು ಸುಮಾರು 24 ಗಂಟೆ 50 ನಿಮಿಷ ಬೇಕು, ಅದರ ಅರ್ಧ ಇದು. ಅದಕ್ಕೇ ಭರತದ ಹೊತ್ತು ದಿನವೂ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತಾ ಇರುತ್ತದೆ.

ಲೆಕ್ಕಕ್ಕಾಗಿ ಒಂದು ದಿನ ಹೀಗಿದೆ ಅಂದುಕೊಳ್ಳಿ. ಬೆಳಗಿನ ಜಾವ 4 ಗಂಟೆಗೆ ನೀರು 1.5 ಮೀಟರ್, ಅದು ಭರತ. 10.2 ಗಂಟೆಗೆ, ಅಂದರೆ 10 ಗಂಟೆ 12 ನಿಮಿಷಕ್ಕೆ, 0.3 ಮೀಟರ್, ಅದು ಇಳಿತ. ಈಗ ಸಮೀಕರಣ ಬರೆಯಿರಿ.

ಮಧ್ಯರೇಖೆ: (1.5 + 0.3) ÷ 2 = 0.9 ಮೀಟರ್. ಆಂಪ್ಲಿಟ್ಯೂಡ್: (1.5 − 0.3) ÷ 2 = 0.6 ಮೀಟರ್. ತುದಿಯಿಂದ ತಳಕ್ಕೆ 6.2 ಗಂಟೆ, ಅದು ಅರ್ಧ, ಹಾಗಾಗಿ ಅವಧಿ 12.4 ಗಂಟೆ. ಬಿ = 2ಪೈ ÷ 12.4. ತುದಿ ಸ್ಪಷ್ಟವಾಗಿ ಗೊತ್ತಿರುವುದರಿಂದ ಕೊಸೈನ್ ತೆಗೆದುಕೊಳ್ಳೋಣ. ಅದು ತುದಿಯಿಂದಲೇ ಹೊರಡುವುದರಿಂದ ಸಿ = 4. ಇಲ್ಲಿ ಟಿ ಗಂಟೆಗಳಲ್ಲಿ.

ನೀರಿನ ಮಟ್ಟ = 0.6 ಕೊಸೈನ್[(2ಪೈ/12.4)(ಟಿ − 4)] + 0.9

ಸೈನ್‌ನಲ್ಲಿ ಬೇಕಾದರೆ ತುದಿಗಿಂತ ಕಾಲು ಅವಧಿ ಹಿಂದೆ ಹೋಗಿ. 4 − 3.1 = 0.9. ಅಲ್ಲಿ ನೀರು ನಡುಮಟ್ಟದಲ್ಲಿದ್ದು ಏರುತ್ತಿರುತ್ತದೆ. ಸಿ ಜಾಗದಲ್ಲಿ 0.9 ಬಂತು, ಉಳಿದದ್ದೆಲ್ಲ ಅದೇ. ಡಿ ಕೂಡ 0.9 ಆಗಿರುವುದು ಈ ಲೆಕ್ಕದಲ್ಲಿ ತಾನಾಗಿ ಆದದ್ದು. ಒಂದು ಗಂಟೆಗಳಲ್ಲಿ, ಇನ್ನೊಂದು ಮೀಟರಿನಲ್ಲಿ.

ಈ ಸಮೀಕರಣ ಏನಕ್ಕೆ ಬರುತ್ತದೆ? ಒಂದು ದೋಣಿಗೆ ನೀರು ಕಡಿಮೆ ಅಂದರೂ 1.2 ಮೀಟರ್ ಮಟ್ಟದಲ್ಲಿ ಇರಬೇಕು ಅಂದುಕೊಳ್ಳಿ. 0.6 ಕೊಸೈನ್ = 0.3 ಆಗಬೇಕು, ಅಂದರೆ ಕೊಸೈನ್ = 1/2. ಕೋನ ಪೈ/3, ಅದು ಪೂರ್ತಿ ಸುತ್ತಿನ ಆರನೇ ಒಂದು ಭಾಗ. 12.4 ÷ 6 = 2.07 ಗಂಟೆ. ತುದಿಯ ಎರಡೂ ಕಡೆ ಅಷ್ಟಷ್ಟು ಹೊತ್ತು. ಹೆಚ್ಚು ಕಡಿಮೆ 1 ಗಂಟೆ 56 ನಿಮಿಷದಿಂದ 6 ಗಂಟೆ 4 ನಿಮಿಷದವರೆಗೆ ದಾರಿ ಸರಿ ಇದೆ.

ಕ್ಯಾಲ್ಕುಲೇಟರ್ ಇಲ್ಲದೆ ಇದನ್ನು ಅಂದಾಜು ಮಾಡುವ ಹಳೆಯ ನಾವಿಕ ಕ್ರಮವೊಂದಿದೆ. ಭರತದಿಂದ ಇಳಿತದವರೆಗಿನ ಹೊತ್ತನ್ನು ಆರು ಪಾಲು ಮಾಡಿ, ಒಂದೊಂದೂ ಹೆಚ್ಚು ಕಡಿಮೆ ಒಂದು ಗಂಟೆ. ನೀರಿನ ಒಟ್ಟು ಇಳಿಕೆಯನ್ನು ಹನ್ನೆರಡು ಪಾಲು ಮಾಡಿ. ಮೊದಲ ಗಂಟೆಯಲ್ಲಿ ಒಂದು ಪಾಲು ಇಳಿಯುತ್ತದೆ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ಮೂರು, ನಾಲ್ಕನೆಯದರಲ್ಲೂ ಮೂರು, ಆಮೇಲೆ ಎರಡು, ಕೊನೆಗೆ ಒಂದು. ನಮ್ಮ ಲೆಕ್ಕದಲ್ಲಿ ಒಟ್ಟು ಇಳಿಕೆ 1.2 ಮೀಟರ್, ಹಾಗಾಗಿ ಒಂದು ಪಾಲಿಗೆ 10 ಸೆಂ.ಮೀ. ಗಂಟೆಗಂಟೆಗೆ 10, 20, 30, 30, 20, 10 ಸೆಂ.ಮೀ. ಕೊಸೈನ್ ಗ್ರಾಫಿನ ಆಕಾರವೇ ಈ ಆರು ಸಂಖ್ಯೆಗಳಲ್ಲಿದೆ.

ಒಂದು ಮಾತು ಹೇಳಲೇಬೇಕು. ನಮ್ಮ ಕರಾವಳಿಯಲ್ಲಿ ದಿನದ ಎರಡು ಭರತಗಳು ಒಂದೇ ಎತ್ತರಕ್ಕೆ ಬರುವುದಿಲ್ಲ, ಎರಡು ಇಳಿತಗಳೂ ಅಷ್ಟೆ. ಹಾಗಾಗಿ ಒಂದೇ ಕೊಸೈನ್ ಇಟ್ಟುಕೊಂಡು ನಿಜವಾದ ಸಮುದ್ರಕ್ಕೆ ಇಳಿಯಬೇಡಿ. ನಿಜವಾದ ಲೆಕ್ಕದಲ್ಲಿ ಬೇರೆ ಬೇರೆ ಅವಧಿಯ ಹಲವು ಕೊಸೈನ್‌ಗಳನ್ನು ಕೂಡಿಸುತ್ತಾರೆ. ಚಂದ್ರನದ್ದು 12.42 ಗಂಟೆ, ಸೂರ್ಯನದ್ದು 12 ಗಂಟೆ, ಜೊತೆಗೆ ದಿನಕ್ಕೊಮ್ಮೆ ಬರುವಂಥವು, ಹೀಗೆ. 1870ರ ದಶಕದಲ್ಲಿ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವರು, ಈ ಕೂಡಿಸುವ ಕೆಲಸಕ್ಕೆಂದೇ ಚಕ್ರ, ರಾಟೆಗಳ ಒಂದು ಯಂತ್ರ ಮಾಡಿಸಿದ್ದರು. ಇವತ್ತು ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿ ವರ್ಷ ಉಬ್ಬರವಿಳಿತದ ಕೋಷ್ಟಕ ಪ್ರಕಟಿಸುತ್ತದೆ. ಸಮುದ್ರಕ್ಕೆ ಹೋಗುವವರು ನೋಡಬೇಕಾದದ್ದು ಅಂಥ ಕೋಷ್ಟಕವನ್ನು.

ಮಂಗಳೂರಿನ ಹಗಲು

ಒಂದೇ ಕೊಸೈನ್ ಚೆನ್ನಾಗಿ ಹೊಂದುವ ಉದಾಹರಣೆ ಬೇಕಾದರೆ ಹಗಲಿನ ಉದ್ದ ತೆಗೆದುಕೊಳ್ಳಿ. ಮಂಗಳೂರಿನಲ್ಲಿ ಜೂನ್ 21ರ ಸುಮಾರಿಗೆ ಹಗಲು ಅತಿ ಉದ್ದ, ಹತ್ತಿರ ಹತ್ತಿರ 12 ಗಂಟೆ 53 ನಿಮಿಷ. ಡಿಸೆಂಬರ್ 21–22ಕ್ಕೆ ಅತಿ ಕಡಿಮೆ, ಸುಮಾರು 11 ಗಂಟೆ 22 ನಿಮಿಷ. ನಿಮಿಷಕ್ಕೆ ತಂದರೆ 773 ಮತ್ತು 682.

ಮಧ್ಯರೇಖೆ 727.5 ನಿಮಿಷ, ಆಂಪ್ಲಿಟ್ಯೂಡ್ 45.5 ನಿಮಿಷ, ಅವಧಿ 365 ದಿನ. ಜೂನ್ 21 ವರ್ಷದ 172ನೇ ದಿನ, ಅದೇ ಸಿ.

ಹಗಲು = 45.5 ಕೊಸೈನ್[(2ಪೈ/365)(ದಿನ − 172)] + 727.5

ಮಧ್ಯರೇಖೆ ನೋಡಿ. 12 ಗಂಟೆ ಅಂದರೆ 720 ನಿಮಿಷ ಬರಬೇಕಿತ್ತು ಅಲ್ವಾ? ಏಳೂವರೆ ನಿಮಿಷ ಜಾಸ್ತಿ ಬಂದಿದೆ. ಇದು ಲೆಕ್ಕದ ತಪ್ಪಲ್ಲ. ಸೂರ್ಯನ ಬಿಂಬದ ಮೇಲಿನ ಅಂಚು ಕಂಡ ಕೂಡಲೇ ಸೂರ್ಯೋದಯ ಅನ್ನುತ್ತೇವೆ, ಅದೇ ಅಂಚು ಮರೆಯಾದಾಗ ಸೂರ್ಯಾಸ್ತ. ಅದರ ಜೊತೆ ಗಾಳಿಯ ಪದರ ಬೆಳಕನ್ನು ಬಗ್ಗಿಸುವುದರಿಂದ, ಸೂರ್ಯ ದಿಗಂತದ ಕೆಳಗಿದ್ದಾಗಲೂ ನಮಗೆ ಕಾಣುತ್ತಾನೆ. ಹೀಗೆ ಎರಡು ಹೊತ್ತೂ ಸೇರಿ ಆ ಏಳೂವರೆ ನಿಮಿಷ. ಗ್ರಾಫಿನ ಮಧ್ಯರೇಖೆಯನ್ನು ಸರಿಯಾಗಿ ಓದಿದ್ದಕ್ಕೆ ಇಷ್ಟು ಸಂಗತಿ ಹೊರಗೆ ಬಂತು!

ಮಕರ ಸಂಕ್ರಾಂತಿಯ ದಿನ ಹಾಕಿ ನೋಡಿ. ಜನವರಿ 14, ದಿನ = 14. ಸುಮಾರು 686 ನಿಮಿಷ ಬರುತ್ತದೆ, ಅಂದರೆ 11 ಗಂಟೆ 26 ನಿಮಿಷ. ಡಿಸೆಂಬರಿನ ಅತಿ ಕಡಿಮೆ ಹಗಲಿಗಿಂತ ನಾಲ್ಕೇ ನಿಮಿಷ ಜಾಸ್ತಿ. ಮೂರು ವಾರ ಕಳೆದರೂ ಅಷ್ಟೇ ಏರಿಕೆ, ಯಾಕೆಂದರೆ ಗ್ರಾಫ್ ಇನ್ನೂ ತಳದ ದುಂಡಗಿನ ಭಾಗದಲ್ಲಿದೆ. ಅದೇ ಮಾರ್ಚ್ 21ರ ಸುತ್ತಮುತ್ತ ಮಧ್ಯರೇಖೆ ದಾಟುವಾಗ ದಿನಕ್ಕೆ ಸುಮಾರು 47 ಸೆಕೆಂಡ್ ಏರುತ್ತದೆ. ಐದೇ ದಿನದಲ್ಲಿ ನಾಲ್ಕು ನಿಮಿಷ ಆಯಿತು.

ಈ ಲೆಕ್ಕ ಮೊಬೈಲಿನಲ್ಲಿ ಹಾಕುವಾಗ ಕ್ಯಾಲ್ಕುಲೇಟರ್ ರೇಡಿಯನ್‌ನಲ್ಲಿ ಇರಬೇಕು. ಮೊದಲು ಸೈನ್ 30 ಒತ್ತಿ. 0.5 ಬಂದರೆ ಅದು ಡಿಗ್ರಿಯಲ್ಲಿದೆ, −0.988 ಬಂದರೆ ರೇಡಿಯನ್‌ನಲ್ಲಿದೆ. ಡಿಗ್ರಿಯಲ್ಲೇ ಮಾಡುವುದಾದರೆ 2ಪೈ ಜಾಗದಲ್ಲಿ 360 ಹಾಕಿ, ಉತ್ತರ ಒಂದೇ.

ಮಾಡಿ ನೋಡಲು ಎರಡು

ಉತ್ತರ ನೋಡುವ ಮೊದಲು ಪೆನ್ಸಿಲ್ ಹಿಡಿಯಿರಿ.

ಒಂದು: ವೈ = 5 ಕೊಸೈನ್(4ಎಕ್ಸ್ + ಪೈ) − 2. ಇದರ ಮಧ್ಯರೇಖೆ, ಆಂಪ್ಲಿಟ್ಯೂಡ್, ಅವಧಿ, ಜರುಗುವಿಕೆ ಹೇಳಿ.

ಎರಡು: ಒಂದು ಗ್ರಾಫಿನ ತುದಿ ಎಕ್ಸ್ = 1ರಲ್ಲಿ, ಎತ್ತರ 8. ಅದರ ಮುಂದಿನ ತಳ ಎಕ್ಸ್ = 4ರಲ್ಲಿ, ಎತ್ತರ 2. ಸಮೀಕರಣ ಬರೆಯಿರಿ.

ಮೊದಲನೆಯದರಲ್ಲಿ ಮಧ್ಯರೇಖೆ −2, ಆಂಪ್ಲಿಟ್ಯೂಡ್ 5, ಹಾಗಾಗಿ ಗ್ರಾಫ್ 3ಕ್ಕೂ −7ಕ್ಕೂ ನಡುವೆ ಓಡಾಡುತ್ತದೆ. ಅವಧಿ 2ಪೈ ÷ 4 = ಪೈ/2. ಬಿ ಹೊರಗೆ ತೆಗೆದರೆ 4(ಎಕ್ಸ್ + ಪೈ/4), ಅಂದರೆ ಎಡಕ್ಕೆ ಪೈ/4. ಈ ಪೈ/4 ಅವಧಿಯ ಸರಿಯಾಗಿ ಅರ್ಧ ಅನ್ನುವುದು ಗಮನಕ್ಕೆ ಬಂದಿದ್ದರೆ ನೀವು ಚೆನ್ನಾಗಿ ಓದಿದ್ದೀರಿ. ಅರ್ಧ ಅವಧಿ ಜರುಗಿದ ಕೊಸೈನ್ ಅಂದರೆ ತಲೆಕೆಳಗಾದ ಕೊಸೈನ್. ಹಾಗಾಗಿ ಇದನ್ನು ವೈ = −5 ಕೊಸೈನ್ 4ಎಕ್ಸ್ − 2 ಅಂತಲೂ ಬರೆಯಬಹುದು. ಚಿತ್ರ ಬಿಡಿಸಲು ಅದು ಇನ್ನೂ ಸುಲಭ.

ಎರಡನೆಯದರಲ್ಲಿ ಮಧ್ಯರೇಖೆ 5, ಆಂಪ್ಲಿಟ್ಯೂಡ್ 3. ತುದಿಯಿಂದ ತಳಕ್ಕೆ 3, ಹಾಗಾಗಿ ಅವಧಿ 6, ಬಿ = ಪೈ/3. ಉತ್ತರ ವೈ = 3 ಕೊಸೈನ್[(ಪೈ/3)(ಎಕ್ಸ್ − 1)] + 5. ಸೈನ್‌ನಲ್ಲಿ ಬರೆದವರು ತುದಿಯಿಂದ ಒಂದೂವರೆ ಹಿಂದೆ ಹೋಗಿ ಎಕ್ಸ್ = −0.5ರಿಂದ ಹೊರಟಿರಬೇಕು: ವೈ = 3 ಸೈನ್[(ಪೈ/3)(ಎಕ್ಸ್ + 0.5)] + 5. ಎಕ್ಸ್ = 1 ಹಾಕಿ ನೋಡಿ. ಎರಡರಲ್ಲೂ 8 ಬರಬೇಕು.